ಬಾಗಿಲು ತಟ್ಟದವನು

ಬೀಗದವನಿಗೆ ಯಾವ ಬಾಗಿಲೂ ಬಾಗಿಲಾಗಿ ಕಂಡದ್ದಿಲ್ಲ. ಕೀಲಿ ಕಳೆದುಕೊಂಡವರು, ಬಾಗಿಲು ಎಳೆದುಕೊಂಡು ಹೊರಗುಳಿದವರು, ಬೀರುವಿನ ಬೀಗಕ್ಕೆ ತುಕ್ಕು ಹಿಡಿಸಿ ಕೂತವರು, ಎಲ್ಲರೂ ಬಸ್ ನಿಲ್ದಾಣದ ಎದುರಿಗಿದ್ದ ಅವನ ಪೆಟ್ಟಿಗೆ ಅಂಗಡಿಗೇ ಬರುತ್ತಿದ್ದರು. ಅವನು ಬೀಗವನ್ನು ಕಿವಿಯ ಹತ್ತಿರ ಹಿಡಿದು, ತಂತಿ ಆಡಿಸಿ, ಟಕ್ ಎನ್ನಿಸಿ ಕೊಡುತ್ತಿದ್ದ. ಅಷ್ಟರ ಮಟ್ಟಿಗೆ ಜಾಣ. ಮಿಕ್ಕಿದ್ದರಲ್ಲಿ ಶುದ್ಧ ದಡ್ಡ. ಪಕ್ಕದಲ್ಲೇ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಅವನ ಅಕ್ಕ ಹೇಳುತ್ತಿದ್ದದ್ದೂ ಅದನ್ನೇ: "ನನ್ನ ತಮ್ಮನ ಬುದ್ಧಿ ಎಲ್ಲಾ ಬೆರಳ ತುದೀಲಿದೆ. ತಲೆಗೆ ಹೋಗೋ ದಾರೀಲಿ ಯಾರೋ ಬೀಗ ಜಡಿದಿದ್ದಾರೆ."

ತನ್ನ ಮನೆಗೂ ಅವನು ಕೀಲಿ ಒಯ್ದವನಲ್ಲ. ಮದುವೆಯಾದ ಹೊಸದರಲ್ಲಿ ಹೆಂಡತಿ ಬಾಗಿಲು ಭದ್ರ ಮಾಡಿಕೊಂಡು ತಲೆ ಬಾಚಿಕೊಳ್ಳುತ್ತಿದ್ದರೆ, ಹೊರಗಿನಿಂದ ತಂತಿ ತೂರಿಸಿ, ಸದ್ದಿಲ್ಲದೆ ಒಳಗೆ ಬಂದು ಅವಳ ಬೆನ್ನ ಹಿಂದೆ ನಿಲ್ಲುತ್ತಿದ್ದ. ಅವಳು ಬೆಚ್ಚಿಬೀಳುವುದು ಅವನಿಗೊಂದು ತಮಾಷೆ. ಮೊದಮೊದಲು ಅವಳೂ ನಕ್ಕಳು. ಆಮೇಲೆ, "ಒಂದು ಸಲ ತಟ್ಟಿ ಬರಬಾರದಾ?" ಎಂದಳು. ಕೊನೆಗೆ ಕೈಮುಗಿದು ಕೇಳಿದಳು.

"ನನ್ನ ಮನೆ ಬಾಗಿಲು ನಾನ್ಯಾಕೆ ತಟ್ಟಲಿ?" ಎಂದ ಮಹಾರಾಯ.

ಜಗಳವಾದ ದಿನ ಅವಳು ಒಳಕೋಣೆಗೆ ಹೋಗಿ ಚಿಲಕ ಹಾಕಿಕೊಂಡು ಅತ್ತರೆ, ಅಲ್ಲಿಗೂ ಟಕ್. ಸಮಾಧಾನ ಮಾಡಲು ಬಂದೆ ಎನ್ನುತ್ತಿದ್ದ. ಅಳುವುದಕ್ಕೂ ಒಂದು ಮೂಲೆ ಉಳಿಯಲಿಲ್ಲ ಅವಳಿಗೆ. ಅವನು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಅದನ್ನೇ ದೊಡ್ಡ ಬಿರುದಿನಂತೆ ಎದೆಗೆ ಅಂಟಿಸಿಕೊಂಡು ಓಡಾಡುತ್ತಿದ್ದ. ಹೊಡೆಯದೆ ಇರುವುದನ್ನೇ ಉಪಕಾರವೆಂದು ತಿಳಿದ ಗಂಡಸರಿಗೆ ಲೋಕದಲ್ಲಿ ಎಂದೂ ಬರವಿಲ್ಲ.

ಕಡೆಗೊಂದು ದಿನ ಅವಳು ಮಗಳನ್ನು ಕರೆದುಕೊಂಡು ತಾಯಿಯ ಮನೆ ಸೇರಿದಳು. ಮಗಳು ಆಗಷ್ಟೇ ಒಂದನೇ ತರಗತಿ. ಸದಾ ಚಿಲಿಪಿಲಿ ಎನ್ನುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಗುಬ್ಬಿ. ಅಪ್ಪನ ತೊಡೆಯ ಮೇಲೆ ಕೂತು ಹಳೇ ಕೀಲಿಗಳನ್ನು ಸರ ಪೋಣಿಸುವ ಮಗು. ಹೆಂಡತಿ ಹೋದದ್ದಕ್ಕೆ ಅವನಿಗೆ ಕೋಪ ಬಂತು. ಗುಬ್ಬಿ ಹೋದದ್ದಕ್ಕೆ ಊಟ ಸೇರಲಿಲ್ಲ. ನೋಡಲು ಹೋದರೆ ಅತ್ತೆ ಕಿಟಕಿಯಿಂದಲೇ, "ಮಗು ಮಲಗಿದೆ" ಎನ್ನುವಳು. ಒಳಗಿನಿಂದ ಮಗುವಿನ ಹಾಡು ಕೇಳುತ್ತಲೇ ಇರುವುದು.

"ಕೋರ್ಟಿಗೆ ಹೋಗೋ. ವಾರಕ್ಕೊಂದು ಸಲ ಮಗಳನ್ನ ತೋರಿಸಿ ಅಂತ ಕೇಳು," ಎಂದಳು ಅಕ್ಕ.

"ಕೋರ್ಟು ಅಂದ್ರೆ ದುಡ್ಡು ಅಕ್ಕಾ."

"ದುಡ್ಡಿಲ್ಲದವರಿಗೂ ಏನೋ ಇದೆಯಂತೆ. ಬಾಯಿದ್ದರೆ ಕೇಳು."

ಅವನು ಕೇಳಿದ. ಆದರೆ ಕೇಳಬಾರದವರನ್ನೆಲ್ಲ ಹುಡುಕಿಕೊಂಡು ಹೋಗಿ ಕೇಳಿದ.

ಟೈರ್ ಅಂಗಡಿಯ ಮಹಡಿಯ ಮೇಲೆ ನೊಂದ ಗಂಡಂದಿರ ಸಂಘವೊಂದಿತ್ತು. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ನಾಲ್ಕು ಕುರ್ಚಿಗೆ ಮೈಕು ಯಾಕೆಂದು ಯಾರೂ ಕೇಳುವಂತಿರಲಿಲ್ಲ, ಏಕೆಂದರೆ ಅಧ್ಯಕ್ಷರಿಗೆ ಅದಿಲ್ಲದೆ ಕೆಮ್ಮೂ ಬರುತ್ತಿರಲಿಲ್ಲ.

"ಫ್ರೀ ವಕೀಲರಾ?" ಎಂದು ಅಧ್ಯಕ್ಷರು ನಕ್ಕರು. "ಅದೆಲ್ಲ ಹೆಂಗಸರಿಗೆ ಮಾತ್ರ ಸ್ವಾಮಿ. ಗಂಡಸಿಗೆ ಈ ದೇಶದಲ್ಲಿ ಗಾಳಿ ಬಿಟ್ರೆ ಏನೂ ಫ್ರೀ ಇಲ್ಲ. ನಾವು ಹೋರಾಡಬೇಕು! ಹೆಂಗಸರ ಕಾಲ ಕೆಳಗೆ ಬಾಳೋದು ಒಂದು ಬಾಳಾ?"

ಅಷ್ಟರಲ್ಲಿ ಅವರ ಜೇಬಿನ ಫೋನು ಅರಚಿತು. ಅಧ್ಯಕ್ಷರು ಎದ್ದು ಗೋಡೆಯ ಕಡೆ ತಿರುಗಿ, ಕುಗ್ಗಿ, "ಹೂಂ... ತರ್ತೀನಿ... ಇಲ್ಲ ಇಲ್ಲ, ನೀಲಿ ಸೋಪೇ ತರ್ತೀನಿ... ಮರೆಯಲ್ಲ, ಆಣೆ" ಎಂದರು. ಮೈಕು ಆರಿಸಿರಲಿಲ್ಲ. ಕೆಳಗಿನ ಟೈರ್ ಅಂಗಡಿಯವರಿಗೂ ಸೋಪಿನ ಬಣ್ಣ ತಿಳಿಯಿತು. ಅಷ್ಟಾದರೂ ಬೀಗದವನಿಗೆ ಬುದ್ಧಿ ಬರಲಿಲ್ಲ, ಸದಸ್ಯನಾಗಿ ಬಂದ.

ಅಧ್ಯಕ್ಷರೇ ಅವನನ್ನು ಕೋರ್ಟಿನ ಕಾಂಪೌಂಡಿನಲ್ಲಿ ಮರದ ಕೆಳಗೆ ನಿಲ್ಲುವ ಒಬ್ಬ ವಕೀಲನ ಹತ್ತಿರ ಕಳಿಸಿದರು. ಎಲ್ಲರೂ ಅವನನ್ನು ಕರಿಕೋಟು ಎನ್ನುತ್ತಿದ್ದರು. ಕೋಟು ಬಿಟ್ಟರೆ ವಕೀಲನೆನ್ನಲು ಬೇರೇನೂ ಗುರುತಿರಲಿಲ್ಲ. ಕೋರ್ಟಿನ ಒಳಗೆ ಹೋದದ್ದನ್ನು ಕಂಡವರು ಕಡಿಮೆ. ಕ್ಯಾಂಟೀನಿನ ಒಳಗೆ ಎಲ್ಲರೂ ಕಂಡಿದ್ದರು.

"ಬರೀ ಮಗಳನ್ನ ನೋಡಬೇಕು ಅಂದ್ರೆ ಕೇಸಿಗೆ ತೂಕ ಬರಲ್ಲಪ್ಪ," ಎಂದ ಕರಿಕೋಟು. "ಹೆಂಡತಿಗೆ ತಲೆ ಸರಿಯಿಲ್ಲ ಅಂತ ಹಾಕೋಣ."

"ಅವಳ ತಲೆ ಸರಿಯಾಗೇ ಇದೆಯಲ್ಲ ಸಾರ್."

"ಅದು ನಿನಗೆ ಗೊತ್ತು. ಜಡ್ಜಿಗೆ ಗೊತ್ತಾ?"

ಇಂದು ಖರ್ಚು, ನಾಳೆ ಖರ್ಚು ಎಂದು ಅವನು ಕೇಳುತ್ತಾ ಹೋದ, ಇವನು ಕೊಡುತ್ತಾ ಹೋದ. ಕೀಲಿ ಕೊರೆಯುವ ಯಂತ್ರವನ್ನೂ ಮಾರಿ ಕೊಟ್ಟ. ಅರ್ಜಿ ಮಾತ್ರ ಮರದ ಕೆಳಗಿನಿಂದ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಮೂರು ಹೊತ್ತೂ ಗಿರಾಕಿಗಳಿಗೆ, "ಬೀಗ ಕೊಳ್ಳುವಾಗ ನೋಡಿ ಕೊಳ್ಳಿ" ಎಂದು ಉಪದೇಶ ಹೇಳುವ ಮನುಷ್ಯ ಇವನು.

ಹೀಗೆ ಕಾಯುತ್ತಾ ಕಾಯುತ್ತಾ ಅವನೊಂದು ಘನಕಾರ್ಯ ಮಾಡಿದ. ಗುಬ್ಬಿಗೆಂದು ಹೆಬ್ಬೆರಳಿನಷ್ಟು ಪುಟ್ಟದೊಂದು ಹಿತ್ತಾಳೆ ಬೀಗ ಮಾಡಿದ್ದ, ಅದಕ್ಕೊಂದು ಕೀಲಿ, ಕೀಲಿಗೊಂದು ಕೆಂಪು ದಾರ. ಕೊಡಲು ಅತ್ತೆಯ ಮನೆಗೆ ಹೋದರೆ ಯಾರೂ ಇಲ್ಲ. ಬಾಗಿಲಿಗೆ ಬೀಗ. ಬುದ್ಧಿಯಿದ್ದವನು ವಾಪಸು ಬರುತ್ತಿದ್ದ. ಇವನು ಬೀಗ ನೋಡಿದ, ಅದರ ಕಳಪೆತನಕ್ಕೆ ಬೇಜಾರು ಮಾಡಿಕೊಂಡ, ತಂತಿ ತೆಗೆದ. ಒಳಗೆ ಹೋಗಿ ಗುಬ್ಬಿಯ ದಿಂಬಿನ ಮೇಲೆ ಪುಟ್ಟ ಬೀಗ ಇಟ್ಟ. ಅವಳ ಶಾಲೆಯ ಅಂಗಿಯನ್ನು ಮೂಸಿದ. ಹೊರಡುವಾಗ ಬಾಗಿಲು ಕಿರುಗುಟ್ಟಿತು. ಜೇಬಿನ ಎಣ್ಣೆ ಬುಡ್ಡಿ ತೆಗೆದು ತಿರುಗಣಿಗೆಲ್ಲ ಎಣ್ಣೆ ಬಿಟ್ಟ. ಮೊದಲಿನಂತೆಯೇ ಬೀಗ ಹಾಕಿ, ಉಪಕಾರ ಮಾಡಿದ ಸಂತೋಷದಲ್ಲಿ ಸಿಳ್ಳೆ ಹಾಕುತ್ತಾ ಮನೆಗೆ ಬಂದ.

ಸಂಜೆ ಹೆಂಡತಿ ಬೀಗ ತೆಗೆದಾಗ ಬಾಗಿಲು ಸದ್ದು ಮಾಡಲಿಲ್ಲ. ಆಗಲೇ ಅವಳು ಹೊಸ್ತಿಲಲ್ಲಿ ನಿಂತುಬಿಟ್ಟಳು. ದಿಂಬಿನ ಮೇಲೆ ಬೀಗ ಕಂಡಾಗ ಯಾರು ಬಂದಿದ್ದರೆಂದು ತಿಳಿಯಿತು. ಅವಳು ಪೊಲೀಸರಿಗೆ ದೂರು ಕೊಟ್ಟಳು. ಅತ್ತೆ ಬಾಗಿಲಿಗೆ ಎರಡು ಹೊಸ ಬೀಗ ಹಾಕಿಸಿದಳು. ಕಿಟಕಿಯ ಮಾತೂ ನಿಂತಿತು. ಠಾಣೆಯವರು ಇವನನ್ನು ಕರೆಸಿ, ದೂರಿನ ಪ್ರತಿ ಕೈಗಿಟ್ಟು, ಬೈದು ಕಳಿಸಿದರು.

"ಒಪ್ಪಿಕೊಳ್ಳಬೇಡ!" ಎಂದರು ಅಧ್ಯಕ್ಷರು, ಮೈಕಿನಲ್ಲೇ.

"ಆ ದಿನ ನೀನು ಊರಲ್ಲೇ ಇರಲಿಲ್ಲ ಅನ್ನೋಣ. ಸಾಕ್ಷಿ ನಾನು ತರ್ತೀನಿ, ಅದರ ಖರ್ಚು ಬೇರೆ," ಎಂದ ಕರಿಕೋಟು.

ಅಕ್ಕ ಇಸ್ತ್ರಿಪೆಟ್ಟಿಗೆ ಕೆಳಗಿಟ್ಟು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಊರಲ್ಲಿರಲಿಲ್ವಾ? ಎಲ್ಲಿದ್ದೆ? ಚಂದ್ರನ ಬೀಗ ರಿಪೇರಿಗೆ ಹೋಗಿದ್ದಾ? ಥೂ! ಆ ಹುಡುಗಿ ನಿನ್ನ ಬಿಟ್ಟು ಹೋದಾಗ ನನಗೆ ಸಂಕಟ ಆಗಿತ್ತು ಕಣೋ. ಈಗ ಇಷ್ಟು ದಿನ ಹೇಗೆ ಇದ್ದಳೋ ಅನ್ನಿಸ್ತಾ ಇದೆ."

ಅದೇ ವಾರ ಕೋರ್ಟಿನ ಜವಾನ ಅಂಗಡಿಗೆ ಬಂದ. ಮೆಟ್ಟಿಲ ಹಿಂದಿನ ಕೋಣೆಯ ಬೀಗ ಕಚ್ಚಿಕೊಂಡಿದೆ, ಜನ ಹೊರಗೆ ನಿಂತಿದ್ದಾರೆ, ಬೇಗ ಬಾ ಎಂದ. ಬೀಗದವನಿಗೆ ಆ ಕೋಣೆ ಗೊತ್ತಿತ್ತು. ಆ ಬೀಗ ಕೂರಿಸಿದವನೇ ಅವನು; ಪ್ರತಿ ಮಳೆಗಾಲದಲ್ಲೂ ಅದಕ್ಕೆ ಎಣ್ಣೆ ಬಿಡುತ್ತಿದ್ದವನೂ ಅವನೇ. ಬೀಗ ತೆಗೆದು ಪಕ್ಕಕ್ಕೆ ಸರಿದ. ನಿಂತಿದ್ದವರೆಲ್ಲ ಒಳಗೆ ನುಗ್ಗಿದರು: ಸೊಂಟದ ಮೇಲೆ ಕೂಸಿದ್ದ ಹೆಂಗಸು, ಕೋಲೂರಿದ ಮುದುಕ, ಖಾಕಿ ಅಂಗಿಯ ಆಟೋ ಡ್ರೈವರ್ ಒಬ್ಬ.

"ಮಗನನ್ನ ನೋಡೋಕೆ ಬಿಡ್ತಿಲ್ಲ ಅಂತ ಹೋದ ವಾರ ಬಂದಿದ್ದೆ," ಎಂದ ಆಟೋದವನು ಮೇಜಿನ ಗುಮಾಸ್ತನಿಗೆ. "ಆದಾಯದ ಸರ್ಟಿಫಿಕೇಟು ತಂದಿದೀನಿ."

"ಕೂತ್ಕೊಳ್ಳಿ. ವಕೀಲರನ್ನ ಕೊಡ್ತಾರೆ."

ಬೀಗದವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. "ಸಾರ್, ಇಲ್ಲಿ ಗಂಡಸರಿಗೂ ಫ್ರೀ ಇದೆಯಾ?"

ಗುಮಾಸ್ತ ತಲೆಯೆತ್ತಲಿಲ್ಲ. "ಆದಾಯ ಕಮ್ಮಿ ಇದ್ರೆ ಇದೆ. ನಿನ್ನ ತಲೆ ಮೇಲೆ ಬೋರ್ಡಲ್ಲಿ ಬರೆದಿದೆ."

ಇತ್ತು. ಅವನು ಬೀಗ ಕೂರಿಸಿದ ದಿನವೂ ಇತ್ತು. ಉಚಿತ ಕಾನೂನು ನೆರವು ಎಂದು ಬೊಗಸೆಯಷ್ಟಗಲ ಅಕ್ಷರ. ಬೀಗದ ತೂತು ಬಿಟ್ಟು ಒಂದು ಗೇಣು ಮೇಲೆ ಕಣ್ಣೆತ್ತಿ ನೋಡಿದವನಲ್ಲ ಪುಣ್ಯಾತ್ಮ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತೆ, ತಾನೇ ಬೀಗ ಕೂರಿಸಿದ ಕೋಣೆಯನ್ನು ಬಿಟ್ಟು ಟೈರ್ ಅಂಗಡಿಯ ಮಹಡಿ ಹತ್ತಿದ್ದ.

ಸರ್ಟಿಫಿಕೇಟು ಮಾಡಿಸಿ ತಂದ ಮೇಲೆ ಅವನಿಗೆ ಒಬ್ಬ ವಕೀಲಮ್ಮನನ್ನು ಕೊಟ್ಟರು. ನಗುವುದಕ್ಕೆ ಬಿಡುವಿಲ್ಲದ ಮುಖ, ಕನ್ನಡಕದ ಕಡ್ಡಿಗೆ ದಾರ. ಹೆಂಗಸನ್ನೇ ಕೊಟ್ಟರಲ್ಲ ಎಂದು ಅವನಿಗೆ ಒಳಗೊಳಗೇ ಅಳುಕು. ಸಂಘದ ಪಾಠ ಇನ್ನೂ ಇಳಿದಿರಲಿಲ್ಲ. ಆಕೆ ದೂರಿನ ಪ್ರತಿ ಓದಿ ಮುಗಿಸಿದಳು.

"ಬೀಗ ತೆಗೆದದ್ದು ನೀವಾ?"

"ಅಲ್ಲ ಮೇಡಂ. ಆ ದಿನ ನಾನು ಊರಲ್ಲೇ ಇರಲಿಲ್ಲ."

"ಸರಿ. ಹಾಗಾದ್ರೆ ಬಾಗಿಲ ತಿರುಗಣಿಗೆ ಎಣ್ಣೆ ಬಿಟ್ಟು ಹೋದ ಕಳ್ಳ ಯಾರು?"

"ಅದು ವಿಪರೀತ ಕಿರುಗುಟ್ಟುತ್ತಿತ್ತು ಮೇಡಂ..." ಎಂದುಬಿಟ್ಟ.

ಜೊತೆಗೆ ಬಂದು ಪಕ್ಕದ ಬೆಂಚಿನಲ್ಲಿ ಕೂತಿದ್ದ ಅಕ್ಕ ಹಣೆ ಚಚ್ಚಿಕೊಂಡಳು. ವಕೀಲಮ್ಮ ಕಾಗದ ಮಡಚಿ ಅವನ ಮುಂದಿಟ್ಟಳು.

"ಸುಳ್ಳು ಹೇಳಿಸಬೇಕು ಅಂದ್ರೆ ದುಡ್ಡು ತಗೊಳ್ಳೋರ ಹತ್ರಾನೇ ಹೋಗಿ. ನನಗೆ ಬೇರೆ ಕೆಲಸ ಇದೆ."

"ನಾನು ಏನೂ ಮುಟ್ಟಿಲ್ಲ ಮೇಡಂ, ಒಂದು ಕಡ್ಡಿ ಕೂಡ ತಗೊಂಡಿಲ್ಲ. ಮಗಳಿಗೆ ಆಟದ ಸಾಮಾನು ಇಟ್ಟು ಬಂದೆ, ಅಷ್ಟೇ."

"ಅಷ್ಟೇನಾ? ಬೀಗ ಹಾಕಿದ್ದ ಹಾಗೇ ಇದೆ, ಒಳಗೆ ಯಾರೋ ಬಂದು ಹೋಗಿದ್ದಾರೆ. ಅವತ್ತು ರಾತ್ರಿ ಆ ಮನೇಲಿ ಮಲಗಿದವರಿಗೆ ಹೇಗಾಗಿರಬೇಕು? ನಿಮ್ಮ ಹೆಂಡತಿ ಯಾವ ಬೀಗ ಹಾಕ್ಕೊಂಡು ಮಲಗಬೇಕು, ನೀವೇ ಹೇಳಿ. ಬೀಗದ ವಿಷಯ ನಿಮಗೆ ತಾನೇ ಗೊತ್ತಿರೋದು."

ಬೀಗದವನು ಹೆಂಡತಿಗೆ ಯಾವ ಬೀಗ ಸರಿಹೋಗುತ್ತದೆಂದು ಯೋಚಿಸಿದ. ತನಗೆ ತೆಗೆಯಲಾಗದ ಬೀಗ ಒಂದೂ ನೆನಪಿಗೆ ಬರಲಿಲ್ಲ. ಇಷ್ಟು ಕಾಲ ಅದೇ ಅವನ ಹೆಮ್ಮೆಯಾಗಿತ್ತು. ಆ ಬೆಂಚಿನ ಮೇಲೆ ಮೊದಲ ಸಲ ಅವನಿಗೆ ಅದರಿಂದ ನಾಚಿಕೆಯಾಯಿತು.

"ಜಡ್ಜ್ ಕೇಳೋಕೆ ಮುಂಚೆ ನೀವೇ ಹೇಳಿ," ಎಂದಳು ವಕೀಲಮ್ಮ. "ಮಗಳನ್ನ ನೋಡೋ ದಾರಿ ಇರೋದು ಅದೊಂದೇ. ಅದೂ ಸಿಕ್ಕೇ ಸಿಗುತ್ತೆ ಅಂತ ನಾನು ಹೇಳಲ್ಲ."

ಅರ್ಜಿ ಕೋರ್ಟು ಸೇರಿ ಜಡ್ಜ್ ಮುಂದೆ ನಿಂತಾಗ ಅವನು ಹೇಳಿದ. ತೊದಲುತ್ತಾ, ಅಡಿಗಡಿಗೆ ಬೆವರು ಒರೆಸಿಕೊಳ್ಳುತ್ತಾ, ತಂತಿಯಿಂದ ಎಣ್ಣೆಯವರೆಗೆ ಎಲ್ಲವನ್ನೂ ಹೇಳಿದ. ಎಣ್ಣೆಯ ಮಾತು ಬಂದಾಗ ಜಡ್ಜು ಪೆನ್ನು ಕೆಳಗಿಟ್ಟು ಅವನನ್ನೇ ನೋಡಿದರು. ಆಮೇಲೆ ಹೆಂಡತಿಯನ್ನು ಕೇಳಿದರು. ಅವಳು ಗಂಡನ ಕಡೆ ತಿರುಗದೆ ಮಾತಾಡಿದಳು.

"ಮಗೂಗೆ ಅಪ್ಪ ಬೇಕು ಸಾರ್, ದಿನಾ ಕೇಳುತ್ತೆ. ನನಗೆ ಬೇಕಾಗಿರೋದು ಇಷ್ಟೇ. ಬಂದವರು ಬಾಗಿಲು ತಟ್ಟಬೇಕು, ನಾವು ತೆಗೆಯೋವರೆಗೂ ಹೊರಗೆ ನಿಲ್ಲಬೇಕು. ಮದುವೆಯಾದಾಗಿನಿಂದ ಕೇಳ್ತಾ ಇದೀನಿ. ಅವರು ಒಂದು ದಿನಾನೂ ತಟ್ಟಿಲ್ಲ."

ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಅತ್ತೆಯ ಮನೆಯಲ್ಲೇ ಮಗಳನ್ನು ನೋಡಬಹುದು ಎಂದು ಆದೇಶವಾಯಿತು. ಬಾಗಿಲು ತೆರೆಯುವವರೆಗೆ ಹೊರಗೆ ನಿಲ್ಲಬೇಕು. ಬೀಗಕ್ಕೆ ಕೈ ಹಚ್ಚಿದರೆ ಅದೂ ಇಲ್ಲ.

ಹೊರಗೆ ಮರದ ಕೆಳಗಿನಿಂದಲೇ ಕರಿಕೋಟು ಕೂಗಿದ: "ಬರೀ ಭಾನುವಾರಾನಾ? ನಾನಾಗಿದ್ರೆ ಮಗೂನೇ ಕೊಡಿಸ್ತಿದ್ದೆ!"

"ನೀನಾ?" ಎಂದಳು ಅಕ್ಕ. "ನಿನ್ನ ಟೀ ದುಡ್ಡು ಮೊದಲು ನೀನೇ ಕೊಡೋದು ಕಲಿ."

ಸಂಘದ ಅಧ್ಯಕ್ಷರು ಅವನನ್ನು ಗಂಡು ಕುಲದ ದ್ರೋಹಿಯೆಂದು ಸಾರಿ ಹೆಸರು ಹೊಡೆದು ಹಾಕಿದರು. ಕುರ್ಚಿಗಳಲ್ಲಿ ಮೂರೇ ಜನ ಉಳಿದರೂ ಮೈಕು ಉಳಿಯಿತು.

ಮೊದಲ ಭಾನುವಾರ ಹೊರಡುವಾಗ ಅಕ್ಕ ತಮ್ಮನ ಜೇಬು ತಡವಿ ತಂತಿ ಕಿತ್ತುಕೊಂಡಳು. ಎಣ್ಣೆ ಬುಡ್ಡಿಯನ್ನೂ ಬಿಡಲಿಲ್ಲ. "ಹೋಗು. ಮನುಷ್ಯನ ಹಾಗೆ ಹೋಗಿ ಮನುಷ್ಯನ ಹಾಗೆ ಬಾ."

ಅತ್ತೆಯ ಮನೆಯ ಮುಂದೆ ಅವನು ನಿಂತ. ಬಾಗಿಲಲ್ಲಿ ಹೊಸ ಬೀಗಗಳೆರಡು ಹೊಳೆಯುತ್ತಿದ್ದವು. ಎರಡೂ ಕಳಪೆ. ಹೇರ್‌ಪಿನ್ನಿಗೂ ಬಾಯಿ ಬಿಡುವಂಥವು. ಬೆರಳುಗಳು ತಮ್ಮಷ್ಟಕ್ಕೆ ಜೇಬಿಗೆ ಹೋಗಿ, ಬರಿಗೈಯಲ್ಲಿ ಹೊರಬಂದವು. ಅವನು ಕೈ ಮುಷ್ಟಿ ಮಾಡಿ ಬಾಗಿಲು ತಟ್ಟಿದ. ಎಷ್ಟು ಜೋರಾಗಿ ತಟ್ಟಬೇಕೆಂದು ತಿಳಿಯದೆ ಮೆಲ್ಲಗೆ ತಟ್ಟಿದ.

ಒಳಗೆ ಅತ್ತೆಯ ಕೆಮ್ಮು ಕೇಳಿಸಿತು. ಬಾಗಿಲು ತೆರೆಯಲಿಲ್ಲ. ಬೇಕೆಂದೇ ನಿಲ್ಲಿಸಿದ್ದಾಳೆಂದು ಅವನಿಗೆ ಗೊತ್ತಾಯಿತು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಬಿಸಿಲು ಕುತ್ತಿಗೆಗೆ ಬಂತು. ನಿಂತ. ಮತ್ತೆ ತಟ್ಟಿದ.

ಪುಟ್ಟ ಕಾಲುಗಳು ಓಡಿ ಬಂದ ಸದ್ದು. "ಯಾರು?"

"ನಾನು ಕಣೇ, ಗುಬ್ಬಿ. ಅಪ್ಪ."

ಒಳಗಿನಿಂದ ಅನುಮಾನದ ದನಿ: "ಸುಳ್ಳು. ನಮ್ಮಪ್ಪ ಬಾಗಿಲು ತಟ್ಟಲ್ಲ."

ಅವನು ಬಾಗಿಲ ಹತ್ತಿರ ಬಗ್ಗಿದ. "ಈಗ ತಟ್ತೀನಮ್ಮ," ಎಂದ. ಹೇಳಿದ್ದು ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ತಟ್ಟಿದ.

ಒಳಗೆ ಅಮ್ಮ ಮಗಳಿಗೆ ಏನೋ ಹೇಳಿದ್ದು ಕೇಳಿತು. ಕೀಲಿಗೊಂಚಲು ಝಣಗುಟ್ಟಿತು. ಗುಬ್ಬಿಯೇ ಕೀಲಿ ತೂರಿಸುತ್ತಿದ್ದಳು. ಮೇಲಿನ ಬೀಗಕ್ಕೆ ಕೆಳಗಿನ ಬೀಗದ ಕೀಲಿ ಹಾಕಿ ತಿರುಗಿಸಲು ಒದ್ದಾಡುತ್ತಿದ್ದಾಳೆಂದು ಅವನಿಗೆ ಸದ್ದಿನಲ್ಲೇ ತಿಳಿಯಿತು. ಅದಲ್ಲ, ಇನ್ನೊಂದು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು.

ನುಂಗಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಬಿಸಿಲಲ್ಲಿ ನಿಂತೇ ಇದ್ದ.