ಹತ್ತು ತತ್ತಿಯ ಬಿಳಿಲೋಳೆ

ಆ ಕೇಕಿಗೆ ತತ್ತಿಯ ಹಳದಿ ಮಾತ್ರ ಬೇಕು, ಬಿಳಿ ಬೇಡ. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಅವ್ವ ಸಾನಪಾಡಾದಲ್ಲಿ ಒಬ್ಬ ಗೋವಾದ ಮುದುಕಿಯ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ಮಕ್ಕಳು ಕಾಲೇಜು ಮುಗಿಸಿದಾಗ ಆ ಮನೆಯಲ್ಲಿ ಏಳು ಪದರಿನ ಬೆಬಿಂಕ ಅನ್ನುವ ಕೇಕು ಮಾಡುವ ರೂಢಿ, ಮುದುಕಿಯ ಅಜ್ಜಿಯ ಕಾಲದ್ದು. ತೆಂಗಿನ ಹಾಲು, ಸಕ್ಕರೆ, ಸ್ವಲ್ಪ ಮೈದಾ, ಜಾಯಿಕಾಯಿ, ಹತ್ತು ತತ್ತಿಯ ಹಳದಿ. ಓವನ್ ಇಲ್ಲ. ಪಾತ್ರೆಯ ಕೆಳಗೆ ಸಣ್ಣ ಕೆಂಡ, ಮುಚ್ಚಳದ ಮೇಲೆ ದೊಡ್ಡ ಕೆಂಡ. ಒಂದು ಸೌಟು ಹುಯ್ದು, ಅದು ಮೇಲಿನ ಉರಿಗೆ ಕೆಂಪಾದ ಮೇಲೆ ತುಪ್ಪ ಸವರಿ, ಅದರ ಮೇಲೆ ಇನ್ನೊಂದು ಸೌಟು. ಕೆಳಗಿನ ಪದರ ಬಿಸಿ ಇರುವಾಗಲೇ ಮೇಲಿನದು ಬೀಳಬೇಕು, ಇಲ್ಲದಿದ್ದರೆ ಒಂದಕ್ಕೊಂದು ಹಿಡಿಯುವುದಿಲ್ಲ. ಕೂತರೆ ನಾಲ್ಕು ತಾಸು ಏಳುವಂತಿಲ್ಲ. ಮುದುಕಿಯ ಮೂರು ಮಕ್ಕಳ ಕೇಕಿಗೂ ಕೆಂಡ ಊದಿದವಳು ಅವ್ವನೇ. ಮೊದಮೊದಲು ತತ್ತಿಯನ್ನು ಸೆರಗಿನಲ್ಲಿ ಹಿಡಿದು ಒಡೆಯುತ್ತಿದ್ದಳಂತೆ, ಕೈಗೆ ತಾಗಬಾರದು ಅಂತ.

ಯಾಕೆಂದರೆ ನಮ್ಮದು ತತ್ತಿ ಹೊಸ್ತಿಲು ದಾಟದ ಮನೆ. ಅಪ್ಪ ಕುಡಿದು ಬರುತ್ತಿದ್ದ, ಆದರೆ ಹಣೆಯ ಈಬತ್ತಿ ತಪ್ಪುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಹಮಾಲಿ ಅವನದು. ಮೂಟೆ ಎಳೆಯುವ ಕಬ್ಬಿಣದ ಕೊಕ್ಕೆ ಸದಾ ಹೆಗಲ ಮೇಲೆ. ಅವ್ವನನ್ನು ಬಡಿಯುವ ಮೊದಲು ಅದನ್ನು ಗೋಡೆಯ ಮೊಳೆಗೆ ಹಾಕುತ್ತಿದ್ದ. ಅವ್ವ ಅದನ್ನೇ ದೊಡ್ಡ ಗುಣ ಅನ್ನುತ್ತಿದ್ದಳು: "ಕೊಕ್ಕಿ ಹಿಡದು ಎಂದೂ ಬಡದಿಲ್ಲ ನೋಡು."

ನನ್ನ ಬಿ.ಕಾಂ. ರಿಸಲ್ಟ್ ಬಂತು, ಸೆಕೆಂಡ್ ಕ್ಲಾಸು. ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ತುರ್ಭೆಯ ಒಂದು ಕಾರ್ಖಾನೆಯಲ್ಲಿ ಡಬ್ಬಿಗೆ ಚೀಟಿ ಅಂಟಿಸುವ ಕೆಲಸ, ಹಾಗೆ ಓದಿದವಳು ನಾನು. ನಮ್ಮ ಎರಡೂ ಕಡೆಯ ಬಳಗದಲ್ಲಿ ಮೊದಲ ಡಿಗ್ರಿ. ಸಂಕೋಚವಿಲ್ಲದೆ ಹೇಳುತ್ತೇನೆ, ಅದನ್ನು ಯಾರೂ ಕೊಡಲಿಲ್ಲ, ಕಿತ್ತುಕೊಂಡೆ. ಠಾಣೆಯ ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಸೋಮವಾರ ಬಂದು ಸೇರು ಅಂದಿದ್ದರು.

ಅಪ್ಪನ ಲೆಕ್ಕ ಬೇರೆ ಇತ್ತು. "ಡಿಗ್ರಿ ತನಕ ಅಂದಿದ್ದೆ, ಆತು. ಇನ್ನ ನಡೀ ಅತ್ತಿ ಮನೀಗೆ." ಊರಿನಲ್ಲಿದ್ದ ತನ್ನ ತಂಗಿಯ ಮಗನಿಗೆ ನನ್ನನ್ನು ಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದ. ನೌಕರಿಯ ವಿಷಯ ಅವನಿಗೆ ಹೇಳೇ ಇರಲಿಲ್ಲ.

ಅವ್ವ ಒಂದು ಉಪಾಯ ಹೂಡಿದಳು. ಅಪ್ಪನಿಗೆ ಸಿಹಿ ಅಂದರೆ ಜೀವ. "ಐತವಾರ ಅದನ್ನ ಮಾಡ್ತೀನಿ. ತತ್ತಿ ಹಾಕಿದ್ದು ಹೇಳೂದ ಬ್ಯಾಡ. ತಿಂದು ಕುಂತಾಗ ನೌಕರಿ ಮಾತು ತಗಿ. ಆ ಮನಿ ಮಕ್ಕಳಿಗೆಲ್ಲಾ ಮಾಡೀನಿ, ನನ್ನ ಮಗಳಿಗೆ ಬ್ಯಾಡೇನು?"

ಐತವಾರ ಬೆಳಗ್ಗೆ ಹತ್ತು ತತ್ತಿ ಮೆಂತ್ಯೆ ಸೊಪ್ಪಿನ ಕೆಳಗೆ ಅಡಗಿಕೊಂಡು ನಮ್ಮ ರೂಮಿಗೆ ಬಂದವು. ಅವ್ವ ಒಂದೊಂದೇ ಒಡೆದು, ಹಳದಿಯನ್ನು ಚಿಪ್ಪಿನಿಂದ ಚಿಪ್ಪಿಗೆ ಹೊರಳಿಸಿ, ಬಿಳಿಯನ್ನು ತಂಬಿಗೆಗೆ ಇಳಿಸಿದಳು.

"ಇದನ್ನ ಹೊರಗ ಗಟಾರಕ್ಕ ಚೆಲ್ಲಿ ಬಾ. ಯಾರೂ ನೋಡಬಾರದು."

ಗಟಾರದ ಎದುರಿಗೇ ನಮ್ಮ ಕಡೆಯ ಒಬ್ಬ ಹೆಂಗಸು ಅಕ್ಕಿ ಆರಿಸುತ್ತ ಕೂತಿದ್ದಳು. "ಏನ ಅದು, ಮಜ್ಜಗಿ ಏನು?" ಅಂದಳು. ಹೌದು ಅಂದು ಹಿಂತಿರುಗಿ ಬಂದೆ. ನಮ್ಮ ಮೋರಿಗೇ, ಸ್ನಾನ ಮಾಡುವ ಮೂಲೆಯ ಕಿಂಡಿಗೇ ಸುರಿದೆ. ನಾತ ಹೋಗಲಿ ಅಂತ ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ಅದರ ಮೇಲೆ ಹುಯ್ದೆ, ಒಂದು ಇಡೀ ಬೋಗುಣಿ. ಮೂರು ವರ್ಷ ಅಕೌಂಟೆನ್ಸಿ ಓದಿದ್ದೆ. ತತ್ತಿಯ ಬಿಳಿ ಕುದಿನೀರಿಗೆ ಗಟ್ಟಿಯಾಗುತ್ತದೆ ಅನ್ನುವುದು ಗೊತ್ತಿರಲಿಲ್ಲ. ತತ್ತಿ ತಿನ್ನುವ ಮನೆಯ ಮೂರು ವರ್ಷದ ಕೂಸಿಗೂ ಗೊತ್ತಿರುತ್ತದೆ.

ಸಂಜೆಗೆ ಬರಬೇಕಾದ ಅಪ್ಪ ಒಂದು ಗಂಟೆಗೇ ಬಂದ. ನಾಲ್ಕನೇ ಪದರ ಮುಚ್ಚಳದ ಕೆಳಗಿತ್ತು.

"ಏನ ಘಮಾ ಹೊಡದೈತಿ! ಮಗಳು ಕಲೆಕ್ಟರ್ ಆದಳೇನು?"

"ಕೊಬ್ಬರಿ ಹಾಲಿನ ಸಿಹಿ ರೀ," ಅಂದಳು ಅವ್ವ. "ಮೈ ತೊಳಕೊಂಡು ಬರ್ರಿ, ಕೊಡ್ತೀನಿ."

ಅಪ್ಪ ನಕ್ಕ. ಕೊಕ್ಕೆಯನ್ನು ಮೊಳೆಗೆ ಹಾಕಿ ಮೋರಿಗೆ ಹೋದ. ಎರಡು ತಂಬಿಗೆ ನೀರು ಬಿದ್ದ ಸದ್ದು. ಆಮೇಲೆ ಸದ್ದಿಲ್ಲ. ನೀರು ಇಳಿಯದೆ ಅವನ ಹಿಮ್ಮಡಿವರೆಗೆ ನಿಂತಿತ್ತು. ಕಿಂಡಿಗೆ ಕೈ ಹಾಕಿ ಎಳೆದಿದ್ದಾನೆ. ಟವೆಲು ಸುತ್ತಿಕೊಂಡು ಹೊರಗೆ ಬಂದಾಗ ಅಂಗೈ ತುಂಬ ಬಿಳಿ ಮುದ್ದೆ.

ಮೂಸಿದ.

"ತತ್ತಿ. ನನ್ನ ಮನ್ಯಾಗ ತತ್ತಿ."

ನಾನು ಬಾಯಿ ತೆರೆಯುವ ಮೊದಲೇ ಅವ್ವ, "ನಾನ ಚೆಲ್ಲೀನಿ," ಅಂದಳು.

ಆ ಮುದ್ದೆಯನ್ನು ಅವಳ ಬಾಯಿಗೆ ಒತ್ತಿದ. ತುರುಬು ಹಿಡಿದು ಪಾತ್ರೆ ಜೋಡಿಸಿಟ್ಟ ಹಲಗೆಯ ಮಾಂಡಣಿಗೆ ತಲೆ ಅಪ್ಪಳಿಸಿದ. ಡಬ್ಬಿಗಳು ಉದುರಿದವು. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ, ಮೂಟೆ ಉರುಳಿಸುವವರು ಒದೆಯುವ ಹಾಗೆ, ಸಿಟ್ಟಿಗಿಂತ ಹೆಚ್ಚಾಗಿ ರೂಢಿಯಿಂದ. ಅವ್ವನ ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿದಿತ್ತು. ಒದೆಗಳ ನಡುವೆ ಅವಳು ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ: "ಮ್ಯಾಲಿನ ಕೆಂಡ ತಗಿಯವ್ವಾ. ಪದರ ಹೊತ್ತತೈತಿ."

ಇಕ್ಕಳದಿಂದ ಮುಚ್ಚಳ ಎತ್ತಿದೆ. ಅದರ ತುಂಬ ನಿಗಿನಿಗಿ ಕೆಂಡ. ಹಿಡಿದುಕೊಂಡೇ ನಿಂತೆ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು, ಅದನ್ನೇ ಕೇಳಿದೆ.

"ಬರೇ ಮೂಸಿ ನೋಡಿದ್ರ ಕುದ್ದ ತತ್ತಿ ಅಂತ ನಿನಗ ಹೆಂಗ ತಿಳೀತಪ್ಪಾ? ಎಲ್ಲಿ ತಿಂತಿ?"

ಅಪ್ಪನ ಕಾಲು ನಿಂತಿತು. ದಾರೂ ಅಂಗಡಿಯ ಮುಂದೆ ಕುದಿಸಿದ ತತ್ತಿ ಮಾರುವ ಗಾಡಿ ನಮ್ಮ ರಸ್ತೆಯ ತುದಿಯಲ್ಲೇ ಇತ್ತು, ಎಲ್ಲರಿಗೂ ಗೊತ್ತಿದ್ದ ಗಾಡಿ. ಅವನ ಮುಖದಲ್ಲಿ ಆಗ ಕಂಡದ್ದು ನಾಚಿಕೆ ಅಂತ ಈಗ ಅನಿಸುತ್ತದೆ. ಒಂದು ಕ್ಷಣ ಮಾತ್ರ ಇತ್ತು. ಆಮೇಲೆ ಕೈ ಗೋಡೆಗೆ ಹೋಯಿತು, ಮೊಳೆಯಿಂದ ಕೊಕ್ಕೆ ಕೆಳಗಿಳಿಯಿತು.

ಮುಚ್ಚಳ ಬೀಸಿದೆ. ಕೈ ಜಾರಲಿಲ್ಲ. ಗುರಿ ಇಟ್ಟೇ ಬೀಸಿದೆ. ಕೆಂಡಗಳು ಅವನ ಬರಿ ಎದೆಗೆ ಬಡಿದು ಕಾಲ ಮೇಲೆ ಬಿದ್ದವು. ಹಿಂದೆ ಸರಿಯಲು ಹೋಗಿ ಅವುಗಳನ್ನೇ ತುಳಿದ. ಚರ್ಮ ಚುರ್ರ್ ಅಂದದ್ದು ಕೇಳಿಸಿತು. ಅಪ್ಪ ಅರಚಿದ ಹಾಗೆ ದೊಡ್ಡ ಗಂಡಸು ಅರಚಿದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಅವ್ವ ಎದ್ದಳು. ಎದ್ದವಳೇ ನನ್ನ ಕೆನ್ನೆಗೆ ಬಾರಿಸಿದಳು. ಜೀವನದಲ್ಲಿ ಮೊದಲ ಸಲ.

"ಹಡದಪ್ಪಗ ಬೆಂಕಿ ಹಾಕ್ತಿ? ಇದಕ್ಕ ಸಾಲಿ ಕಲಿಸೀನೇನು?"

ಬಕೆಟ್ಟಿನ ನೀರಿಗೆ ಅವನ ಕಾಲು ಇಳಿಸಿದಳು, ಎದೆಗೆ ಒದ್ದೆ ಬಟ್ಟೆ ಹಾಕಿದಳು. ಬಾಗಿಲಲ್ಲಿ ಮಂದಿ ಸೇರಿದ್ದರು. "ಒಲೀ ಮ್ಯಾಲಿಂದು ಬಿತ್ತು," ಅಂತ ಅವರನ್ನು ಸಾಗಹಾಕಿ ಬಾಗಿಲು ಹಾಕಿದಳು. ಆಮೇಲೆ ನೆಲದ ಮೇಲಿನ ಕೆಂಡವನ್ನೆಲ್ಲ ಇಕ್ಕಳದಿಂದ ಆರಿಸಿ ಮುಚ್ಚಳಕ್ಕೆ ಹಾಕಿದಳು. ನಾಲ್ಕನೇ ಪದರ ಕರಕಲಾಗಿತ್ತು. ಅದಕ್ಕೇ ತುಪ್ಪ ಸವರಿ ಐದನೆಯದು ಹುಯ್ದಳು. ತುಟಿಯ ರಕ್ತ ಪಾತ್ರೆಗೆ ಬೀಳದಂತೆ ಸೆರಗು ಕಚ್ಚಿಕೊಂಡಿದ್ದಳು. ಅಪ್ಪ ನರಳುತ್ತ ಕೂತಿದ್ದ, ಅವ್ವ ಏಳೂ ಪದರ ಮುಗಿಸಿಯೇ ಎದ್ದಳು.

ಸೋಮವಾರ ಬೆಳಗ್ಗೆ ನಾನು ಸೀರೆ ಉಟ್ಟದ್ದು ನೋಡಿಯೇ ಅವನಿಗೆ ತಿಳಿಯಿತು.

"ಎಲ್ಲಿಗೆ?"

"ಠಾಣೆಗೆ. ನೌಕರಿ ಸಿಕ್ಕೈತಿ."

ಎದ್ದು ನಿಲ್ಲಲು ನೋಡಿದ. ಅಂಗಾಲು ತುಂಬ ಗುಳ್ಳೆ, ನೆಲಕ್ಕೆ ತಾಗಿದೊಡನೆ ಕುಸಿದ. "ಹಿಡೀ ಆಕೀನ!" ಅಂತ ಅವ್ವನಿಗೆ ಅರಚಿದ. "ಹೊಸ್ತಿಲಾ ದಾಟಿದಳಂದ್ರ ಇವತ್ತ ನಿನ್ನ ಹೆಣಾ ಹೊರಗ ಹೋಗತೈತಿ."

ಅವ್ವ ನನ್ನ ಮುಂಗೈ ಹಿಡಿದಳು. ಬಳೆ ಒಡೆಯುವಷ್ಟು ಗಟ್ಟಿ. ಅವನ ಮಾತು ಮೀರಿದವಳೇ ಅಲ್ಲ ಅವಳು. ನಿನ್ನೆಯ ಏಟು ನನ್ನ ಕೆನ್ನೆಯಲ್ಲಿ ಇನ್ನೂ ಇತ್ತು. ಮುಗೀತು ಅಂದುಕೊಂಡೆ. ಅವಳು ನನ್ನನ್ನು ಒಳಗೆ ಎಳೆಯಲಿಲ್ಲ. ಬಾಗಿಲಿನಿಂದ ಹೊರಗೆ, ಗಟಾರದ ಆಚೆವರೆಗೆ ಎಳೆದುಕೊಂಡು ಬಂದು ಬಿಟ್ಟಳು.

"ಹೋಗು. ಓಡಬ್ಯಾಡ. ನಡಕೊಂತ ಹೋಗು."

ಅವಳು ಒಳಗೆ ಹೋದಳು. ನಾನು ಮೂಲೆ ತಿರುಗುವ ಮೊದಲೇ ಸ್ಟೀಲಿನ ಕೊಡ ಗೋಡೆಗೆ ಬಡಿದ ಸದ್ದು, ಅವ್ವನ ದನಿ. ನಿಲ್ಲಲಿಲ್ಲ. ಸ್ಟೇಷನ್ನಿಗೆ ನಡೆದೇ ಹೋದೆ, ಠಾಣೆಯ ಲೋಕಲ್ ಹಿಡಿದೆ. ನಿಂತಿದ್ದರೆ ಅವತ್ತಿಗೇ ಎಲ್ಲ ಮುಗಿಯುತ್ತಿತ್ತು ಅಂತ ನನಗೆ ನಾನೇ ಬಹಳ ವರ್ಷ ಹೇಳಿಕೊಂಡಿದ್ದೇನೆ. ನಿಜವೇ ಇರಬೇಕು.

ಸಂಜೆ ವಾಪಸು ಬಂದಾಗ ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವ್ವನ ಎಡ ಮಣಿಕಟ್ಟು ಬಾತುಕೊಂಡಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಬಲಗೈಲಿ ಬೆಬಿಂಕದ ತಟ್ಟೆ ನನ್ನ ಕಡೆ ತಳ್ಳಿದಳು.

"ಆಫೀಸಿನ್ಯಾಗ ಸಹಿ ಮಾಡಿದಿ?"

"ಮಾಡಿದೆ."

"ಹಂಗಾರ ಕೈ ತೊಳಕೊ."