ಟೈಲರ್ ಅಂಕಲ್‌ನ ಆಲ್ಬಂ ಹುಟ್ಟುಹಬ್ಬ

ನಮ್ಮ ಟೈಲರ್ ಅಂಕಲ್ ಮದುಮಗನ ಸೂಟನ್ನಾದರೂ ತಡ ಮಾಡಿಯಾರು, ತಮ್ಮ ಪ್ರಾಣವಾದ ಪ್ರಾಗ್ರೆಸಿವ್ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಬಿಡುಗಡೆಯಾದ ದಿನವನ್ನು ಮಾತ್ರ ಮರೆಯುವವರಲ್ಲ. ಪ್ರತಿ ವರ್ಷ ಅವತ್ತು ಹೊಲಿಗೆ ಬಂದ್. ನನ್ನಂಥ ಹುಚ್ಚು ಅಭಿಮಾನಿಗಳಿಗೆಲ್ಲ ಬಟ್ಟೆ ರಾಶಿಯ ನಡುವೆ ಜಾಗ. "ಇವರ ಒಂದು ಹಾಡು ಮುಗಿಯೋದ್ರೊಳಗೆ ಒಂದು ಪ್ಯಾಂಟ್ ಹೊಲೀಬಹುದು" ಎಂದು ಆಂಟಿ ರೇಗಿಸುತ್ತಾರೆ. "ಲೇ, ಇದು ಏಳು ಪೆಟ್ಟಿನ ತಾಳ ಕಣೇ, ನಿನ್ನ ಗೊಣಗಾಟ ಇದರಲ್ಲಿ ಕೂರಲ್ಲ" ಎನ್ನುತ್ತಾ ಅಂಕಲ್ ವೆಲ್ವೆಟ್ ತುಂಡಿನಿಂದ ರೆಕಾರ್ಡ್ ಒರೆಸಿ, ಮುಳ್ಳು ಇಟ್ಟು, ಕಣ್ಣು ಮುಚ್ಚಿ, ಹೊಲಿಗೆ ಮೆಷಿನ್ನಿನ ಪೆಡಲನ್ನೇ ಡ್ರಮ್ ಮಾಡಿಕೊಂಡು ತುಳಿಯುತ್ತಾರೆ. ಈ ಸಲ ಹಾಡಿನ ನಡುವೆ ನನ್ನ ಕಾಲು ಸಿಕ್ಕಿ ಸ್ಪೀಕರಿನ ವೈರ್ ತುಂಡಾಯಿತು. ರೆಕಾರ್ಡ್ ತಿರುಗುತ್ತಿತ್ತು, ಸದ್ದಿಲ್ಲ. ಅಂಕಲ್ ತುಳಿಯುತ್ತಲೇ, "ಗಿಟಾರ್ ಕೇಳ್ರೋ, ಹೇಗೆ ಏರ್ತಿದೆ!" ಎಂದರು. ಅವರ ಕಿವಿ ಇಷ್ಟು ಹೋಗಿದೆಯೆಂದು ಆಂಟಿಗೂ ಗೊತ್ತಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟರು. ಕೊನೆಗೆ ಮುಳ್ಳು ಹಾಡಿನ ಕೊನೆ ಮುಟ್ಟಿದ ಗಳಿಗೆಗೇ, ಸರಿಯಾಗಿ, ಪೆಡಲೂ ನಿಂತಿತು. ಅಂಕಲ್ ಕಣ್ಣು ಬಿಟ್ಟು, "ಹೇಗಿತ್ತು?" ಎಂದರು. ಆಂಟಿ ಅವರ ಕಿವಿಯ ಹತ್ತಿರ ಬಗ್ಗಿ, ಗಟ್ಟಿಯಾಗಿ ಹೇಳಿದರು: "ಇನ್ನೊಂದ್ಸಲ ಹಾಕ್ರೀ."