ಕಾರಿನ ನೆತ್ತಿಯ ಮೇಲೊಂದು ದೋಣಿ

ನಾನು ಕಾರಿನ ಮೇಲೆ ದೋಣಿ ಕಟ್ಟಿಕೊಂಡು ಓಡಾಡುವ ಮನುಷ್ಯ. ಹೀಗೆಂದ ಕೂಡಲೇ ಜನ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ. ಹೊಟ್ಟೆಯ ಹತ್ತಿರ ಬಂದಾಗ ಅವರ ನೋಟ ಸ್ವಲ್ಪ ಹೊತ್ತು ನಿಲ್ಲುತ್ತದೆ. ಅವರ ಅನುಮಾನ ಸರಿಯಾಗಿಯೇ ಇದೆ. ಸಾಹಸಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ವರ್ತೂರಿನ ಒಬ್ಬ ಸಾಧಾರಣ ಮನೆ ಮಾಲೀಕ. ಅಜ್ಜ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಮನೆ ಎಬ್ಬಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಬಾಡಿಗೆದಾರರು ಖಾಲಿ ಮಾಡಿಕೊಂಡು ಹೋಗುವಾಗ ಏನಾದರೊಂದು ಬಿಟ್ಟುಹೋಗುವುದು ವಾಡಿಕೆ. ತಂತಿ ಕಿತ್ತ ಗಿಟಾರು, ಬಟ್ಟೆ ಒಣಹಾಕಲು ಮಾತ್ರ ಬಳಕೆಯಾದ ಟ್ರೆಡ್‌ಮಿಲ್ ಎಲ್ಲ ನಮಗೆ ದಕ್ಕಿದ್ದು ಹಾಗೆಯೇ. ಮೇಲಿನ ಮನೆಯ ಇಂಜಿನಿಯರು ಪುಣೆಗೆ ಹೋಗುವಾಗ, "ಅಂಕಲ್, ಇದ್ನ ನೀವೇ ಇಟ್ಕೊಳ್ಳಿ" ಎಂದು ಬಿಟ್ಟುಹೋದದ್ದು ಒಂದು ಕಯಾಕ್. ಇಬ್ಬರು ಹಿಂದೆ ಮುಂದೆ ಕೂತು ಹುಟ್ಟು ಹಾಕುವ, ಪ್ಲಾಸ್ಟಿಕ್ಕಿನ ಉದ್ದನೆಯ ದೋಣಿ ಅದು. ಅದನ್ನು ಕಾರಿನ ಮೇಲೆ ಕೂರಿಸುವ ಕಂಬಿಗಳನ್ನೂ ಜೊತೆಗೇ ಕೊಟ್ಟುಹೋದ.

ಕೆರೆ ಮನೆಯ ಹಿಂದೆಯೇ ಇರುವಾಗ ದೋಣಿಗೆ ಕಾರೇಕೆ ಎಂದು ನೀವು ಕೇಳಬಹುದು. ಕೆರೆಯೇನೋ ಇದೆ. ಆದರೆ ಊರ ಕೊಳಚೆಯೆಲ್ಲ ಸೇರಿ ಅದು ನೊರೆ ಉಗುಳಲು ತೊಡಗಿದ ಮೇಲೆ ಅದರೊಳಗೆ ಇಳಿಯುವ ಧೈರ್ಯ ಯಾರಿಗೂ ಇಲ್ಲ. ಹಾಗಾಗಿ ಕೆರೆದಂಡೆಯಲ್ಲಿ ಹುಟ್ಟಿದವನು ದೋಣಿಯನ್ನು ಕಾರಿನ ತಲೆಗೆ ಹೊರಿಸಿ, ನೀರು ಹುಡುಕಿಕೊಂಡು ಆನೇಕಲ್ಲಿನ ಆಚೆಗೆ ಹೋಗಬೇಕು. ಶಿವನ ತಲೆಯ ಮೇಲೆ ಗಂಗೆಯೇ ಇದ್ದಳು, ಅವನಿಗೆ ದೋಣಿ ಬೇಕಾಗಲಿಲ್ಲ. ನನ್ನ ಕಾರಿಗೆ ದೋಣಿ ಉಂಟು, ಗಂಗೆ ಇಲ್ಲ. ವಾಹನಗಳ ವಿಚಾರದಲ್ಲಿ ನಮ್ಮ ಪುರಾಣಗಳು ಬಹಳ ಉದಾರ. ಅಷ್ಟು ದೊಡ್ಡ ಹೊಟ್ಟೆಯ ಗಣಪನನ್ನು ಇಲಿಯೊಂದು ಹೊತ್ತು ತಿರುಗಿತು. ಆದರೆ ಒಂದು ವಾಹನ ಇನ್ನೊಂದು ವಾಹನವನ್ನು ಹೊತ್ತ ಕಥೆ ನಾನು ಕೇಳಿದಷ್ಟರಲ್ಲಿ ಎಲ್ಲೂ ಸಿಕ್ಕಿಲ್ಲ.

ಇಷ್ಟೆಲ್ಲ ಪಾಡು ಅಪ್ಪನಿಗಾಗಿ. ಹರೆಯದಲ್ಲಿ ಅಪ್ಪ ತೆಪ್ಪದ ಮೇಲೆ ಕೆರೆ ದಾಟಿ ಹೋಗಿ ದನಗಳಿಗೆ ಹುಲ್ಲು ಕೊಯ್ದು ತರುತ್ತಿದ್ದನಂತೆ. ನೊರೆ ಎದ್ದ ಮೇಲೆ ಹಿತ್ತಿಲ ಕಡೆಯ ಕಿಟಕಿಗೆ ಮೊಳೆ ಹೊಡೆದುಬಿಟ್ಟ. ಕೆರೆಯ ಮಾತು ತೆಗೆದರೆ ಎದ್ದುಹೋಗುತ್ತಾನೆ. ಸಂಜೆ ಬೀದಿಯ ಕಡೆ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂರುತ್ತಾನೆ. ಅವನ ಆ ಮೌನ ನೋಡಿದರೆ ನನಗೆ ಸಂಕಟವಾಗುತ್ತದೆ. ಅವನನ್ನು ಇನ್ನೊಂದು ಸಲ ನೀರಿನ ಮೇಲೆ ಕೂರಿಸಲೇಬೇಕು ಎಂಬುದು ನನ್ನ ಹಟ. ಕರೆದಾಗಲೆಲ್ಲ ಅವನದು ಒಂದೇ ಉತ್ತರ: "ಕಂಡೋರ ಊರ ಕೆರೆಗೆ ನಾನ್ಯಾಕ್ಲಾ ಬರ್ಲಿ?"

ಒಂದು ಭಾನುವಾರ ನಾನೊಬ್ಬನೇ ಹೊರಡಲು ಅಣಿಯಾದೆ. ಪೂಜೆಯಾಗದ ಗಾಡಿ ನಮ್ಮ ಮನೆಯ ಗೇಟು ದಾಟುವಂತಿಲ್ಲ. ಹೆಂಡತಿ ಸುಧಾ ದೋಣಿಗೆ ಅರಿಸಿನ ಕುಂಕುಮ ಇಟ್ಟು, ಉದ್ದಕ್ಕೂ ಚೆಂಡುಹೂವಿನ ಹಾರ ಬಿಟ್ಟಳು. ದೋಣಿಗೆ ಚಕ್ರವಿಲ್ಲವಲ್ಲ, ನಿಂಬೆಹಣ್ಣು ಎಲ್ಲಿಡುವುದು ಎಂದು ಯೋಚಿಸಿ, ಕೊನೆಗೆ ಕಾರಿನ ಚಕ್ರಗಳಿಗೇ ಇಟ್ಟಳು. ಹಗ್ಗ ಉಜ್ಜಿ ಗೀರು ಬೀಳಬಾರದೆಂದು ನಾನು ಅದಕ್ಕೂ ಮೊದಲೇ ದೋಣಿಗೆ ಅಪ್ಪನ ಹಳೆಯ ಬಿಳಿ ಪಂಚೆಗಳನ್ನು ಸುತ್ತಿದ್ದೆ. ಅಪ್ಪ ಬಂದು ಹಗ್ಗ ಜಗ್ಗಿ ನೋಡಿದ. "ಇಂಗಾ ಕಟ್ಟೋದು? ದಾರೀಲಿ ಯಾರ ಮ್ಯಾಲಾದ್ರೂ ಬಿದ್ರೆ ಮನೆ ಮರ್ಯಾದೆ ಏನಾಗ್ಬೇಕು?" ಎಂದು ಗಂಟು ಬಿಚ್ಚಿ ಮತ್ತೆ ಕಟ್ಟಿದ. ಅಷ್ಟಕ್ಕೂ ಸಮಾಧಾನವಾಗದೆ, ಹಗ್ಗದ ಕಾವಲಿಗೆಂದು ಮುಂದಿನ ಸೀಟಿನಲ್ಲಿ ಬಂದು ಕೂತ. ನೀರಿನ ಮಾತು ನಾನೂ ಎತ್ತಲಿಲ್ಲ.

ದೊಮ್ಮಸಂದ್ರದ ಸರ್ಕಲ್ಲಿನಲ್ಲಿ ಯಾರೂ ಯಾರಿಗೂ ದಾರಿ ಬಿಡುವುದಿಲ್ಲ. ಅಂದು ಎಲ್ಲರೂ ಬಿಟ್ಟರು. ಆಟೋಗಳು ಪಕ್ಕಕ್ಕೆ ಸರಿದವು. ಬೈಕಿನವನೊಬ್ಬ ಹೆಲ್ಮೆಟ್ ತೆಗೆದ. ಹೂ ಮಾರುವ ಹೆಂಗಸು ಎದ್ದು ನಿಂತು ಕೈ ಮುಗಿದಳು. ಜಲಕ್ರೀಡೆಗೆ ನಮ್ಮ ಜನ ಇಷ್ಟು ಗೌರವ ಕೊಡುತ್ತಾರಲ್ಲ ಎಂದು ನಾನು ಹಿಗ್ಗಿದೆ. ಪೊಲೀಸಿನವರು ಅಡ್ಡ ಬರುತ್ತಿದ್ದ ಲಾರಿಯನ್ನು ತಡೆದು, ಕಿಟಕಿಯ ಹತ್ತಿರ ಬಗ್ಗಿ, "ಹೋಗಿ ಸಾರ್, ಅಲ್ಲಿ ಜನ ಕಾಯ್ತಿರ್ತಾರೆ" ಎಂದು ಮೆಲ್ಲಗೆ ಹೇಳಿದರು. ಯಾರು ಕಾಯುತ್ತಾರೆಂದು ಹೊಳೆಯದಿದ್ದರೂ ಥ್ಯಾಂಕ್ಸ್ ಹೇಳಿ ಮುಂದೆ ಬಂದೆ. ಆಮೇಲೆ ಅಂಗಡಿಯೊಂದರ ಗಾಜಿನಲ್ಲಿ ನಮ್ಮ ಕಾರು ಕಾಣಿಸಿತು. ಮೇಲೆ ಬಿಳಿ ಬಟ್ಟೆ ಸುತ್ತಿ, ಹಗ್ಗ ಬಿಗಿದು, ಹೂವಿನ ಹಾರ ಹಾಕಿ ಮಲಗಿಸಿದ ಉದ್ದನೆಯದೊಂದು ಆಕೃತಿ. ನಾವು ಹೆಣ ಸಾಗಿಸುತ್ತಿದ್ದೇವೆಂದು ಊರೆಲ್ಲ ತಿಳಿದುಕೊಂಡಿತ್ತು.

"ಆ ಹೂವಿನೋಳು ಕೈ ಮುಗ್ದಾಗ್ಲೇ ನಂಗೆ ಗೊತ್ತಾಯ್ತು" ಎಂದ ಅಪ್ಪ.

"ಹೇಳ್ಬಾರ್ದಾ ಅಪ್ಪ?"

"ಸಿಗ್ನಲ್ಲು ದಾಟ್ಲಿ ಅಂತ ಸುಮ್ಕಿದ್ದೆ."

ಹಾಗೆಂದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಅಷ್ಟು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೋ. ನಾನು ಕಾರು ನಿಲ್ಲಿಸಿ ಹಾರ ಬಿಚ್ಚಿದೆ. ಪಂಚೆ ಬಿಚ್ಚಲು ಅವನು ಬಿಡಲಿಲ್ಲ, ಸರ್ಜಾಪುರದ ಟ್ರಾಫಿಕ್ ಇನ್ನೂ ಬಾಕಿ ಇತ್ತು.

ಆನೇಕಲ್ಲಿನ ಆಚೆಯ ಆ ಕೆರೆ ದೊಡ್ಡದೇನಲ್ಲ. ನಾನು ದೋಣಿ ಇಳಿಸುವಷ್ಟು ಹೊತ್ತು ಅಪ್ಪ ದೂರವೇ ನಿಂತಿದ್ದ. ಆಮೇಲೆ ನೀರಿನ ಅಂಚಿಗೆ ಬಂದು ಕೈ ಅದ್ದಿ ಮೂಸಿ ನೋಡಿದ. ಇನ್ನೊಮ್ಮೆ ಮೂಸಿದ. ಮುಖ ತೊಳೆದುಕೊಂಡು, ನಾನು ಕೊಟ್ಟ ಲೈಫ್ ಜಾಕೆಟ್ಟನ್ನು ಗೊಣಗುತ್ತಲೇ ಹಾಕಿಕೊಂಡು, ಕರೆಯುವ ಮೊದಲೇ ಹೋಗಿ ದೋಣಿಯಲ್ಲಿ ಕೂತ. ಕೆರೆಯನ್ನು ಒಂದು ಸುತ್ತು ಹಾಕಿದೆವು. ಹುಟ್ಟು ಹಾಕಿದ್ದು ಬಹುಪಾಲು ಅವನೇ. ಹಿಂದೆ ಕೂತಿದ್ದ ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಅವನಿಗೆ ಖುಷಿಯಾಯಿತೋ ಇಲ್ಲವೋ ತಿಳಿಯದೆ ನಾನು ಒದ್ದಾಡಿದೆ.

ದಡಕ್ಕೆ ಬಂದಾಗ ಕುರಿ ಮೇಯಿಸುತ್ತಿದ್ದ ಮುದುಕನೊಬ್ಬ ಹತ್ತಿರ ಬಂದು, "ಯಾವೂರು ಯಜಮಾನ್ರೇ?" ಎಂದು ಅಪ್ಪನನ್ನು ಕೇಳಿದ.

"ವರ್ತೂರು."

"ಅಲ್ಲೂ ದೊಡ್ಡ ಕೆರೆ ಐತಂತಲ್ಲ. ಅದ್ನ ಬಿಟ್ಟು ಇಲ್ಲೀಗಂಟ ಬಂದ್ರಾ?"

ಕೆರೆಯ ಮಾತು ಬಂತು, ಅಪ್ಪ ಇನ್ನೇನು ಹೊರಟುಹೋಗುತ್ತಾನೆ ಎಂದುಕೊಂಡೆ. ಅವನು ಒದ್ದೆಯಾದ ಪಂಚೆಯ ಅಂಚನ್ನು ಹಿಂಡುತ್ತಾ ಹೇಳಿದ:

"ಐತೆ. ಅದ್ಕೆ ಮೈ ಹುಸಾರಿಲ್ಲ ಕಣಪ್ಪ."

ಮುದುಕ ನಗಲಿಲ್ಲ. ಮನೆಯವರ ಕಾಯಿಲೆಯನ್ನು ವಿಚಾರಿಸುವವನಂತೆ, "ಅಯ್ಯೋ, ಯಾವಾಗಿಂದ?" ಎಂದು ಕೇಳಿ ಕಲ್ಲಿನ ಮೇಲೆ ಜಾಗ ಮಾಡಿಕೊಟ್ಟ. ಅಪ್ಪ ಅವನ ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳತೊಡಗಿದ.